ಅವರೆಯ ಸೊಗಡು

ಬೆಂಗಳೂರಿಗೆ ಆ ಹೆಸರು ಬಂದುದು ಬೇಯಿಸಿದ ಕಾಳಿನಿಂದ ಎಂಬ ಕತೆಯನ್ನು ಕೇಳದ ಕನ್ನಡಿಗರು ವಿರಳ. ಬೇಟೆಗೆ ಹೊರಟು ದಾರಿ ತಪ್ಪಿದ ಹೊಯ್ಸಳ ದೊರೆ ವೀರಬಲ್ಲಾಳನು ಕತ್ತಲಾಗುವ ಹೊತ್ತಿಗೆ ಒಂದು ಗುಡಿಸಲನ್ನು ಕಂಡನಂತೆ. ಅಲ್ಲಿದ್ದ ಮುದುಕಿ ತನ್ನಲ್ಲಿದ್ದ ಬೆಂದ ಕಾಳನ್ನೇ ಅವನ ಮುಂದಿಟ್ಟಳಂತೆ. ಹಸಿದಿದ್ದ ದೊರೆ ಅದನ್ನುಂಡು ತಣಿದು ಆ ಜಾಗವನ್ನು ಬೆಂದಕಾಳೂರು ಎಂದು ಕರೆದನಂತೆ. ಕತೆ ಸೊಗಸಾಗಿದೆ, ಚರಿತ್ರೆ ಮಾತ್ರ ಅದನ್ನು ಒಪ್ಪುವುದಿಲ್ಲ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲೊಂದು ಬೆಂಗಳೂರಿನಲ್ಲಿ ನಡೆದ ಒಂದು ಕಾಳಗವನ್ನು ಹೇಳುತ್ತದೆ. ವೀರಬಲ್ಲಾಳನು ಹುಟ್ಟುವುದಕ್ಕೆ ಇನ್ನೂ ಎರಡು ಶತಮಾನಕ್ಕೂ ಮೇಲ್ಪಟ್ಟು ಕಾಲವಿದ್ದಾಗಲೇ ಊರಿಗೆ ಆ ಹೆಸರಿತ್ತು ಎಂದಮೇಲೆ ಮುದುಕಿಯ ಕಾಳಿಗೂ ಊರಿನ ಹೆಸರಿಗೂ ಗಂಟುಹಾಕುವಂತಿಲ್ಲ.

ಆದರೂ ಇಂತಹ ಕಟ್ಟುಕತೆಗಳಿಗೆ ಅವುಗಳದೇ ಆದ ಒಂದು ಪ್ರಾಮಾಣಿಕತೆ ಇರುತ್ತದೆ. ಕತೆ ಕಟ್ಟಿದವರು ಮುದುಕಿಯ ಕೈಯಲ್ಲಿ ದೊರೆಗೆ ಅನ್ನವನ್ನು ಬಡಿಸಲಿಲ್ಲ, ಹಾಲುಹಣ್ಣನ್ನು ಕೊಡಿಸಲಿಲ್ಲ. ಮಳೆಯನ್ನೇ ನಂಬಿದ ಈ ಮೇಟುನೆಲದಲ್ಲಿ ಬಡವರ ಮನೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಸಿಗಬಹುದಾದುದು ಒಂದು ಹಿಡಿ ಕಾಳು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಯಾವ ಕಾಳು ಎಂಬುದನ್ನು ಕತೆ ಹೇಳುವುದಿಲ್ಲ. ಹುರುಳಿ ಇರಬಹುದು, ಅಲಸಂದೆ ಇರಬಹುದು. ನಾನು ಮಾತ್ರ ಬೆಂಗಳೂರಿನ ಮೂಡಣ ದಿಕ್ಕಿನವನಾದುದರಿಂದ ಅದು ಅವರೆಯೇ ಎಂದು ನಂಬಿಕೊಂಡಿದ್ದೇನೆ. ಇದನ್ನು ವಾಚಕರು ಸಂಶೋಧನೆಯೆಂದು ತಿಳಿಯಬಾರದು, ಶುದ್ಧ ಪಕ್ಷಪಾತ.

ನಮ್ಮ ಊರು ಪಟ್ಟಂದೂರು ಅಗ್ರಹಾರ. ವೈಟ್‌ಫೀಲ್ಡಿನ ಕಡೆಗೆ ರೈಲಿನಲ್ಲಿ ಹೋಗುವವರಿಗೆ ಈಗ ಈ ಹೆಸರು ಒಂದು ನಿಲ್ದಾಣದ ಹೆಸರಾಗಿ ಕಿವಿಗೆ ಬೀಳುತ್ತದೆ. ನನ್ನ ಬಾಲ್ಯದಲ್ಲಿ, ಎಂದರೆ 1980ರ ದಶಕದಲ್ಲಿ, ಅದು ಕೆರೆ, ತೋಪು, ರಾಗಿಯ ಹೊಲ, ನಾಲ್ಕಾರು ಬೀದಿಗಳ ಹಳ್ಳಿ. ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಆ ಬೀದಿಗಳಿಗೆ ಒಂದೇ ವಾಸನೆ. ಸಂಜೆ ಜಗಲಿಯ ಮೇಲೆ ಹೆಂಗಸರೂ ಮಕ್ಕಳೂ ಕುಳಿತು ಅವರೆಕಾಯಿ ಸುಲಿಯುವರು. ರಾತ್ರಿ ಕಾಳನ್ನು ನೀರಿನಲ್ಲಿ ನೆನೆಹಾಕುವರು. ಬೆಳಿಗ್ಗೆ ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದೊಂದು ಕಾಳನ್ನೂ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪಾತ್ರೆಗೆ ಹಾರುವುದು. ಇದೇ ಹಿತಕಿದ ಬೇಳೆ. ಹಿಸುಕು, ಹಿದುಕು ಎಂಬ ಧಾತುಗಳ ಬಳಗಕ್ಕೆ ಸೇರಿದ ಮಾತು; ನಮ್ಮವರ ಬಾಯಲ್ಲಿ ಅದು ಹಿತ್ಕಿದ್ಬ್ಯಾಳೆ. ಹಿತ ಎಂಬ ಸಂಸ್ಕೃತ ಶಬ್ದಕ್ಕೂ ಇದಕ್ಕೂ ಯಾವ ನಂಟೂ ಇಲ್ಲವೆಂದು ತರಗತಿಯಲ್ಲಿ ಹೇಳುತ್ತೇನೆ. ಊಟಕ್ಕೆ ಕುಳಿತಾಗ ಅಷ್ಟು ಖಚಿತವಾಗಿ ಹೇಳಲಾರೆ.

ಆ ಬೇಳೆಯ ಸಾರನ್ನು ನಮ್ಮ ಅಜ್ಜಿ ಮಾಡುತ್ತಿದ್ದ ಹಾಗೆಯೇ ಒಮ್ಮೆ ಮನೆಯಲ್ಲಿ ಮಾಡಬೇಕೆಂಬ ಹಟ ಕಳೆದ ಚಳಿಗಾಲದಲ್ಲಿ ನನಗೆ ಹಿಡಿಯಿತು. ಅಜ್ಜಿ ತೀರಿಹೋಗಿ ಬಹಳ ವರ್ಷಗಳಾದುವು. ಆಕೆ ಬರೆದಿಟ್ಟುದು ಏನೂ ಇಲ್ಲ, ಆಕೆಗೆ ಓದುಬರಹವಿರಲಿಲ್ಲ. ಹೀಗಿರುವಲ್ಲಿ ಕನ್ನಡ ಪಾಠ ಹೇಳುವವನು ಏನು ಮಾಡಿಯಾನು? ಒಲೆಯ ಬಳಿಗೆ ಹೋಗುವ ಮೊದಲು ಪುಸ್ತಕದ ಬೀರುವಿನ ಬಳಿಗೆ ಹೋದೆ. ಮನೆಯಲ್ಲಿ ಇದು ನಗೆಗೆ ಕಾರಣವಾಯಿತು. ಆದರೆ ಗಡಿಗೆಗೆ ಬೀಳುವ ಒಂದೊಂದು ಪದಾರ್ಥವೂ ಎಲ್ಲಿಂದ, ಯಾವಾಗ ಬಂದಿತೆಂದು ಹುಡುಕುತ್ತ ಹೋದಂತೆ ಸಾರಿನಷ್ಟೇ ರುಚಿಯಾದ ಬೇರೊಂದು ಸಂಗತಿ ಕೈಗೆ ಹತ್ತಿತು. ಅದನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ‘ಸಾರು’ ಎಂಬ ಮಾತು. ಸಂಸ್ಕೃತದ ‘ಸಾರ’ದಿಂದಲೇ ಇದು ಬಂದಿರಬೇಕೆಂದು ಅನೇಕರು ತಿಳಿದಿದ್ದಾರೆ. ಹಳೆಯ ರೂಪದಲ್ಲಿ ಇದು ‘ಸಾಱು’. ನಾವು ಬಿಟ್ಟುಕೊಟ್ಟ ಶಕಟರೇಫ ಇಲ್ಲಿದೆ. ತಮಿಳು ಮಲೆಯಾಳಗಳಲ್ಲಿ ಇದರ ದಾಯಾದಿ ‘ಚಾಱು’. ಹಿಂಡಿದಾಗ ಒಸರುವ ರಸ, ಬೇಯಿಸಿದಾಗ ಕಾಳು ಸೊಪ್ಪುಗಳು ಬಿಟ್ಟುಕೊಡುವ ನೀರು, ಇದು ಅದರ ಅರ್ಥ. ಈಗ ನಗರದಲ್ಲಿ ಸಾರು ಎಂದರೆ ತಿಳಿಯಾದ ರಸಂ ಎಂದು ತಿಳಿಯುವವರೇ ಹೆಚ್ಚು. ನಮ್ಮ ಕಡೆ ಹಾಗಲ್ಲ. ಮುದ್ದೆಯ ತುತ್ತನ್ನು ಅದ್ದಿದರೆ ಅದಕ್ಕೆ ಹತ್ತಿಕೊಂಡು ಬರುವಷ್ಟು ಗಟ್ಟಿಯಾಗಿರುವುದೂ ಸಾರೇ; ಬೇಯಿಸಿ ಬಸಿದುದು ಬಸ್ಸಾರು, ಮಸೆದುದು ಮಸ್ಸೊಪ್ಪು, ಉಪ್ಪು ಖಾರವನ್ನು ಬೇರೆಯಾಗಿಟ್ಟುಕೊಂಡು ಉಣ್ಣುವುದು ಉಪ್ಸಾರು. ಇವೆಲ್ಲ ನೆಲದ ಬಡತನದಿಂದ ಹುಟ್ಟಿದ ಜಾಣತನಗಳು.

ನಮ್ಮ ಸಾಹಿತ್ಯದಲ್ಲಿ ಅಡಿಗೆಗೆ ಬಹು ಹಿಂದಿನಿಂದಲೂ ಮರ್ಯಾದೆಯಿದೆ. ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು ಸುಮಾರು ಕ್ರಿ.ಶ. 1025ರಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ವಾಸ್ತು, ವೃಕ್ಷಾಯುರ್ವೇದ, ಶಕುನಗಳ ಜೊತೆಗೆ ಸೂಪಶಾಸ್ತ್ರಕ್ಕೂ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. 1508ರ ಸುಮಾರಿನಲ್ಲಿದ್ದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪೂರ್ಣ ಗ್ರಂಥವನ್ನೇ ಷಟ್ಪದಿಯಲ್ಲಿ ಬರೆದ. ಬದನೆಕಾಯಿಯ ಮೇಲೆ ಅವನಿಗಿದ್ದ ಮೋಹವನ್ನು ನೋಡಿದರೆ ಅವನು ಕೇವಲ ಕವಿಯಲ್ಲ, ಊಟಬಲ್ಲವನೆಂಬುದರಲ್ಲಿ ಸಂಶಯವಿಲ್ಲ. ಆದರೆ ಈ ಗ್ರಂಥಗಳಲ್ಲಿ ನಮ್ಮ ಅಜ್ಜಿಯ ಸಾರನ್ನು ಹುಡುಕಿದರೆ ನಿರಾಶೆಯಾಗುತ್ತದೆ. ಅವು ಅರಮನೆಯ, ಉಳ್ಳವರ, ಬಾಣಸಿಗನಿದ್ದ ಮನೆಗಳ ಅಡಿಗೆಗಳು. ತುಪ್ಪ, ಇಂಗು, ಕರ್ಪೂರ, ಹೂವಿನ ಕಂಪುಗಳ ಲೋಕ. ರಾಗಿ ತಿನ್ನುವವರು ತಮ್ಮ ಅಡಿಗೆಯನ್ನು ಷಟ್ಪದಿಯಲ್ಲಿ ಬರೆಯಲಿಲ್ಲ.

ಇನ್ನೊಂದು ಕಾರಣವೂ ಇದೆ. ಮಂಗರಸನಿಗೆ ಮೆಣಸಿನಕಾಯಿ ಗೊತ್ತಿರಲಿಲ್ಲ. ಅಮೆರಿಕ ಖಂಡದ ಈ ಗಿಡ ಪೋರ್ತುಗೀಜರ ಹಡಗುಗಳಲ್ಲಿ ನಮ್ಮ ಕರಾವಳಿಗೆ ಬಂದಿತು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದುದು 1498ರಲ್ಲಿ. ಗೋವೆ ಅವರ ವಶವಾದುದು 1510ರಲ್ಲಿ. ಮಂಗರಸನು ಸರಿಯಾಗಿ ಆ ಹೊಸ್ತಿಲ ಮೇಲೆ ಕುಳಿತು ತನ್ನ ಗ್ರಂಥವನ್ನು ಬರೆಯುತ್ತಿದ್ದ. ಹೊಸ ಖಾರ ಇನ್ನೂ ಘಟ್ಟ ಹತ್ತಿರಲಿಲ್ಲ. ಅವನ ಅಡಿಗೆಯಲ್ಲಿ ‘ಮೆಣಸು’ ಎಂದರೆ ಕಪ್ಪು ಕಾಳು ಮಾತ್ರ. ಹೊಸದು ಬಂದಾಗ ನಮ್ಮವರು ಅದಕ್ಕೆ ಹೊಸ ಹೆಸರನ್ನು ಹುಡುಕುವ ಗೋಜಿಗೆ ಹೋಗದೆ, ಮೆಣಸಿನಂತೆಯೇ ಉರಿಯುವ ಕಾಯಿ ಆದುದರಿಂದ ಮೆಣಸಿನಕಾಯಿ ಎಂದುಬಿಟ್ಟರು. ಬಂದವನು ಯಜಮಾನನಾದ, ಮನೆಯವನಿಗೆ ಗುರುತಿಗಾಗಿ ಕರಿಮೆಣಸು, ಒಳ್ಳೆಮೆಣಸು ಎಂದು ವಿಶೇಷಣ ಹಚ್ಚಬೇಕಾಯಿತು.

ಈ ಜಾಡು ಹಿಡಿದು ಅಜ್ಜಿಯ ಗಡಿಗೆಯೊಳಗೆ ಇಣುಕಿದರೆ ಎಂಥವರಿಗೂ ಆಶ್ಚರ್ಯವಾಗಬೇಕು. ಕೊತ್ತಂಬರಿ ಬೀಜ, ಜೀರಿಗೆ, ಗಸಗಸೆಗಳ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಿನ ಸೀಮೆ ಮತ್ತು ಪಶ್ಚಿಮ ಏಷ್ಯ. ಬೆಳ್ಳುಳ್ಳಿಯದು ಮಧ್ಯ ಏಷ್ಯ. ಲವಂಗ ಮೊಲುಕ್ಕಾ ದ್ವೀಪಗಳದು. ಟೊಮೇಟೊ, ಆಲೂಗಡ್ಡೆಗಳು ಮೆಣಸಿನಕಾಯಿಯ ಊರಿನವೇ; ಇಂಗ್ಲಿಷರ ಕಾಲದಲ್ಲಿ ಈ ಕಡೆ ಬೇರೂರಿದುವು. ನಮ್ಮದೆಂದು ಎದೆ ತಟ್ಟಿ ಹೇಳಬಹುದಾದುದು ಕರಿಬೇವು, ಅರಿಸಿನ, ಬದನೆಕಾಯಿ. ಹೋಗಲಿ, ಗಡಿಗೆಯ ಮುಖ್ಯ ಪದಾರ್ಥವಾದ ಅವರೆಯಾದರೂ ನಮ್ಮದೇ? ಅದೂ ಅಲ್ಲ. ಅವರೆ ಆಫ್ರಿಕದ ಬಳ್ಳಿ. ಸಾರಿಗೆ ಜೊತೆಯಾದ ರಾಗಿಯೂ ಪೂರ್ವ ಆಫ್ರಿಕದ ಎತ್ತರದ ನೆಲದ್ದು. ನಮ್ಮ ಅಜ್ಜಿಗೆ ಇದನ್ನು ಹೇಳಿದ್ದರೆ, ಓದಿ ಓದಿ ಹುಡುಗನಿಗೆ ತಲೆ ಕೆಟ್ಟಿತೆಂದು ದೃಷ್ಟಿ ತೆಗೆಯುತ್ತಿದ್ದಳು.

ಹಾಗೆಂದು ಅವರೆಯನ್ನು ಪರದೇಶಿಯೆನ್ನಲು ಮನಸ್ಸು ಬಾರದು. ಏಕೆಂದರೆ ಅದು ಬಂದು ಅಷ್ಟು ಕಾಲವಾಗಿದೆ. ಬಳ್ಳಾರಿಯ ಹತ್ತಿರದ ಸಂಗನಕಲ್ಲು, ತುಂಗಭದ್ರೆಯ ದಂಡೆಯ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳ ಬೂದಿಯನ್ನು ಜಾಲಾಡಿದ ಪುರಾತತ್ತ್ವಜ್ಞರಿಗೆ ಹುರುಳಿ ಹೆಸರುಗಳ ಜೊತೆಗೆ ಸುಟ್ಟು ಕರಿಕಾದ ಅವರೆಯ ಕಾಳುಗಳೂ ಸಿಕ್ಕಿವೆ. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಮಾತು ಅದು. ಯಾವುದೋ ಒಲೆಯ ಪಕ್ಕದಲ್ಲಿ ಯಾರದೋ ಕೈಜಾರಿ ಬಿದ್ದ ಕಾಳು ಸುಟ್ಟುಹೋದುದರಿಂದಲೇ ಮೂರೂವರೆ ಸಾವಿರ ವರ್ಷ ಉಳಿಯಿತು! ಚೆನ್ನಾಗಿ ಬೆಂದುದೆಲ್ಲ ಹೊಟ್ಟೆ ಸೇರಿತು. ಚರಿತ್ರೆಗೆ ದಕ್ಕಿದುದು ಸೀದುದು ಮಾತ್ರ. ರಾಗಿ ಈ ನೆಲಕ್ಕೆ ಯಾವಾಗ ಬಂದಿತೆಂಬುದರಲ್ಲಿ ವಿದ್ವಾಂಸರ ಚರ್ಚೆ ಇನ್ನೂ ಮುಗಿದಿಲ್ಲ. ಬಂದಮೇಲೆ ಅದು ಪಡೆದ ಗೌರವಕ್ಕೆ ಮಾತ್ರ ಸಾಕ್ಷಿ ಬೇಕಾದಷ್ಟಿದೆ. ಹದಿನಾರನೆಯ ಶತಮಾನದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ವಾದ ಹೂಡಿಸಿ, ಎರಡನ್ನೂ ಸೆರೆಯಲ್ಲಿಡಿಸಿ, ಕೊನೆಗೆ ಕೆಡದೆ ಉಳಿದ ರಾಗಿಯನ್ನು ರಾಮನಿಂದ ಗೆಲ್ಲಿಸಿದರು. ಕಾವ್ಯದ ಆ ಪರೀಕ್ಷೆ ಬರಿಯ ಕಲ್ಪನೆಯಲ್ಲ. ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲವೆಂಬುದು ಬರಗಾಲ ಕಂಡ ರೈತರಿಗೆ ತಿಳಿದ ಸಂಗತಿ. 1876-78ರ ಕ್ಷಾಮದಲ್ಲಿ ಹಗೇವುಗಳೂ ಬರಿದಾದುವು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷದಷ್ಟಕ್ಕೆ ಇಳಿಯಿತು. ತಟ್ಟೆಯಲ್ಲಿ ಮುದ್ದೆ ಬಿಟ್ಟು ಎದ್ದರೆ ಹಿರಿಯರು ಏಕೆ ಅಷ್ಟು ಸಿಡುಕುತ್ತಿದ್ದರೆಂಬುದು ಈ ಲೆಕ್ಕವನ್ನು ನೋಡಿದ ಮೇಲೆ ನನಗೆ ಅರ್ಥವಾಯಿತು.

ಈಗ ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ. ರಾಗಿಮುದ್ದೆಗೆ ಅವರೆಯ ಸಾರು ಜೊತೆಯಾದುದು ಅಡಿಗೆಮನೆಯಲ್ಲಿ ಅಲ್ಲ, ಹೊಲದಲ್ಲಿ. 1800ರಲ್ಲಿ, ಟಿಪ್ಪುಸುಲ್ತಾನನು ಮಡಿದ ಮರುವರ್ಷ, ಕುಂಪಣಿ ಸರ್ಕಾರದ ಪರವಾಗಿ ಈ ಸೀಮೆಯನ್ನು ಸುತ್ತಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ತಾನು ಕಂಡ ಬೇಸಾಯವನ್ನೆಲ್ಲ ಬರೆದಿಟ್ಟು 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚುಹಾಕಿಸಿದ. ರಾಗಿಯ ಸಾಲುಗಳ ನಡುನಡುವೆ ಅವರೆ, ತೊಗರಿಗಳ ಸಾಲು ಬಿಡುವ ಪದ್ಧತಿಯನ್ನು ಅವನು ಗಮನಿಸಿದ್ದಾನೆ. ಇದೇ ನಮ್ಮವರ ಅಕ್ಕಡಿ. ಆಷಾಢದ ಹದ ಮಳೆಗೆ ಎರಡನ್ನೂ ಒಟ್ಟಿಗೆ ಬಿತ್ತುವರು. ರಾಗಿ ಅವಸರದ ಬೆಳೆ, ಅವರೆಗೆ ಆತುರವಿಲ್ಲ. ಹಗಲು ಕಿರಿದಾಗುವವರೆಗೆ ನಾಡ ಅವರೆ ಹೂ ಬಿಡುವುದೇ ಇಲ್ಲ; ರಾಗಿಯ ನೆರಳಿನಲ್ಲಿ ಸುಮ್ಮನೆ ಹಬ್ಬಿಕೊಂಡಿರುತ್ತದೆ. ಕಾರ್ತಿಕದ ಹೊತ್ತಿಗೆ ರಾಗಿ ಕೊಯ್ದಾಗುತ್ತದೆ. ಆಗ ಬಯಲಾದ ಹೊಲವೆಲ್ಲ ಅವರೆಯದು. ಮಳೆ ನಿಂತ ಮೇಲೆ ಅದಕ್ಕೆ ದಕ್ಕುವ ತೇವ ರಾತ್ರಿ ಬೀಳುವ ಇಬ್ಬನಿಯಷ್ಟೆ. ಆ ಇಬ್ಬನಿಯಲ್ಲಿ ಕಾಯಿಯ ಸಿಪ್ಪೆಯ ಮೇಲೆ ಎಣ್ಣೆಯಂತಹ ಒಂದು ಅಂಟು ಪಸೆ ಕಟ್ಟುತ್ತದೆ. ಕೈಗೆ ಹತ್ತಿದರೆ ಎರಡು ದಿನ ಹೋಗದು. ಅದೇ ಸೊಗಡು. ಮೇದಾಮ್ಲಗಳ ಜಾತಿಯ ವಸ್ತುಗಳಿಂದ ಅದು ಬರುತ್ತದೆಂದು ರಸಾಯನಶಾಸ್ತ್ರದವರು ಹೇಳುತ್ತಾರೆ. ಕಾಯಿ ಕೊಳ್ಳುವ ಮೊದಲು ಮೂಸಿ ನೋಡುವ ಹೆಂಗಸರಿಗೆ ಆ ಶಾಸ್ತ್ರ ಬೇಕಿರಲಿಲ್ಲ.

ಒಂದೇ ಹೊಲದಲ್ಲಿ ಮುದ್ದೆಯೂ ಸಾರೂ ಬೆಳೆಯುತ್ತಿದ್ದುವು. ಅವರೆಯ ಬೇರು ನೆಲಕ್ಕೆ ಸಾರವನ್ನು ಕೂಡಿಸುತ್ತಿತ್ತು. ಸುಲಿದ ಸಿಪ್ಪೆ, ಹಿತಕಿದ ತೊಗಟೆ ಎಲ್ಲವೂ ಹಸುವಿಗೆ. ಹಸುವಿನ ಸಗಣಿ ಮತ್ತೆ ಹೊಲಕ್ಕೆ. ಅಕ್ಕಡಿಯ ಅಂಚಿನಲ್ಲಿ ಒಗ್ಗರಣೆಗೆ ಬೇಕಾದ ಸಾಸಿವೆಯೂ ಇರುತ್ತಿತ್ತು, ಎಣ್ಣೆಗೆ ಹುಚ್ಚೆಳ್ಳೂ ಇರುತ್ತಿತ್ತು. ಅಂಗಡಿಯಿಂದ ತರಬೇಕಾದುದು ಉಪ್ಪು, ಒಂದಿಷ್ಟು ಮಸಾಲೆ ಸಾಮಾನು. ಈ ಸಾರಿನ ಪಾಕವಿಧಾನವನ್ನು ಯಾರೂ ಬರೆದಿಡಲಿಲ್ಲವೆಂದು ಮೊದಲು ಹೇಳಿದೆನಷ್ಟೆ. ಬರೆದಿದ್ದರು, ನೇಗಿಲಿನಲ್ಲಿ ಬರೆದಿದ್ದರು.

ಈ ಹೊಲಗಳು ಪಟ್ಟಂದೂರಿನಲ್ಲಿ ಎಂದಿನಿಂದ ಇದ್ದುವು? ಪಕ್ಕದ ಕಾಡುಗೋಡಿಯಲ್ಲಿ ಚೋಳರ ಕಾಲದ, ಕ್ರಿ.ಶ. 1043ರ ತಮಿಳು ಶಾಸನವೊಂದಿದೆ. ಪಟ್ಟಂದೂರಿನ ದೊಡ್ಡ ಕೆರೆಯನ್ನು ಕಟ್ಟಿಸಿ, ಕ್ಷೇತ್ರಪಾಲ, ಗಣಪತಿ, ದುರ್ಗೆಯರನ್ನು ಪ್ರತಿಷ್ಠಿಸಿದ ಸಂಗತಿ ಅದರಲ್ಲಿದೆ. ಚಾವುಂಡರಾಯನು ಕಲ್ಯಾಣದ ಕಡೆ ಅಡಿಗೆಯ ಅಧ್ಯಾಯವನ್ನು ಬರೆದು ಸುಮಾರು ಹದಿನೆಂಟು ವರ್ಷಗಳಾಗಿದ್ದುವು. ಅಲ್ಲಿ ಅಡಿಗೆ ಶಾಸ್ತ್ರವಾಗುತ್ತಿದ್ದಾಗ ಇಲ್ಲಿ ಕೆರೆಗೆ ಏರಿ ಹಾಕುತ್ತಿದ್ದರು. ಕೆರೆ ಕಟ್ಟಿದಮೇಲೆ ಊರಿನ ನೆಲ ಎರಡಾಗುತ್ತದೆ: ಏರಿಯ ಕೆಳಗೆ ಗದ್ದೆ, ಮೇಲೆ ಬೆದ್ದಲು. ಕೆಳಗೆ ಬತ್ತ, ಮೇಲೆ ರಾಗಿ ಅವರೆ. ಊರಿನ ಹೆಸರಿಗೆ ಅಂಟಿಕೊಂಡಿರುವ ಅಗ್ರಹಾರವೆಂಬುದು ಬ್ರಾಹ್ಮಣರಿಗೆ ದಾನವಾಗಿ ಬಿಟ್ಟ ಊರೆಂಬುದರ ಗುರುತು. ಬತ್ತ ಯಾರ ಪಾಲಿಗೆ, ರಾಗಿ ಯಾರ ಪಾಲಿಗೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅವರೆ ಮಾತ್ರ ಈ ಗೆರೆಯನ್ನು ಲಕ್ಷಿಸಲಿಲ್ಲ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮನೆಗಳಲ್ಲಿ ಅದೇ ಹಿತಕಿದ ಬೇಳೆಯ ಹುಳಿ, ಕೂಟು. ತಿನ್ನುವ ಮನೆಗಳಲ್ಲಿ ಮಸಾಲೆಯ ಸಾರು. ಬಾಡಿನ ಮನೆಗಳಲ್ಲಿ ಬಾಡಿನ ಜೊತೆಗೂ ಅದೇ ಬೇಳೆ. ಮುಟ್ಟಬಾರದ, ಉಣ್ಣಬಾರದ ಕಟ್ಟುಗಳು ಗಟ್ಟಿಯಾಗಿದ್ದ ಕಾಲದಲ್ಲಿಯೂ ಸೊಗಡು ಬೀದಿಯಿಂದ ಬೀದಿಗೆ ಧಾರಾಳವಾಗಿ ಓಡಾಡುತ್ತಿತ್ತು. ಆ ವಾಸನೆಗೆ ಹೊರತಾದ ಕೇರಿಯಿರಲಿಲ್ಲ. ಒಟ್ಟಿಗೆ ಕುಳಿತು ಉಂಡ ಪಂಕ್ತಿ ಮಾತ್ರ ಇರಲಿಲ್ಲ.

ಹೊರಗಿನಿಂದ ಬಂದವರಿಗೂ ಈ ಸೀಮೆಯ ಸಾರು ತಪ್ಪಲಿಲ್ಲ. ಇಂಗ್ಲಿಷರು ಇಂದಿಗೂ ಕುಡಿಯುವ ‘ಮಲ್ಲಿಗಟಾನಿ’ ಎಂಬ ಸೂಪು ತಮಿಳಿನ ‘ಮಿಳಗು ತಣ್ಣೀರ್’, ಎಂದರೆ ಮೆಣಸಿನ ನೀರು. ನಮ್ಮ ಮೆಣಸಿನ ಸಾರೇ ವೇಷ ಬದಲಿಸಿಕೊಂಡುದು. ಆ ಹೆಸರಿನ ತೀರ ಹಳೆಯ ಉಲ್ಲೇಖಗಳಲ್ಲೊಂದು ಸಿಗುವುದು ಎಲ್ಲಿ ಗೊತ್ತೆ? ಬೆಂಗಳೂರಿನ ಸೆರೆಮನೆಯಲ್ಲಿ! ಹೈದರಾಲಿಯ ಸೈನ್ಯಕ್ಕೆ ಸೆರೆಸಿಕ್ಕ ನೌಕಾದಳದವನೊಬ್ಬನು ಕಟ್ಟಿದ, 1784ರ ಹಾಡೊಂದರಲ್ಲಿ, ಬೆಂಗಳೂರಿನ ಜೈಲಿನಲ್ಲಿ ತಮಗೆ ಗತಿ ಒಂದೋ ಮಲ್ಲಿಗಟಾನಿ, ಇಲ್ಲವೆ ಗಂಜಿ ಎಂದು ಅವನು ಹಲುಬಿದ್ದಾನೆ. ಸೆರೆಯವನಿಗೆ ಶಿಕ್ಷೆಯಾಗಿ ಕಂಡ ಆ ಸಾರು ಮುಂದೆ ಅವನ ಮೊಮ್ಮಕ್ಕಳಿಗೆ ದೊರೆಮನೆಯ ಭೋಜನವಾಯಿತು. ಒಂದು ಅಡಿಗೆ ಹಿತವೋ ಅಹಿತವೋ ಎಂಬುದು ಅದನ್ನು ಯಾರ ಕೈಯಿಂದ, ಯಾವ ವಯಸ್ಸಿನಲ್ಲಿ ಉಂಡೆವು ಎಂಬುದನ್ನು ಅವಲಂಬಿಸಿರುವಂತೆ ತೋರುತ್ತದೆ.

ನಮ್ಮೂರ ಪಕ್ಕದ ವೈಟ್‌ಫೀಲ್ಡಿನ ಕತೆಯೂ ಇದಕ್ಕೆ ದೂರವಲ್ಲ. 1882ರಲ್ಲಿ ಮಹಾರಾಜ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ 3,900 ಎಕರೆ ನೆಲವನ್ನು ಕೊಟ್ಟರು. ಸಂಘವನ್ನು ಕಟ್ಟಿದ ಡಿ. ಎಸ್. ವೈಟ್ ಅವರ ಹೆಸರೇ ಊರಿಗಾಯಿತು. ಬೇಸಾಯ ಮಾಡಿಕೊಂಡು ತಮ್ಮದೇ ನೆಲದ ಮೇಲೆ ನೆಮ್ಮದಿಯಾಗಿ ಬಾಳಬೇಕೆಂಬುದು ಅವರ ಆಸೆ. ಆ ಮನೆಗಳಲ್ಲಿ ಒಂದು ಒಲೆಯ ಮೇಲೆ ಇಂಗ್ಲಿಷ್ ಬಗೆಯ ‘ಸ್ಟ್ಯೂ’, ಇನ್ನೊಂದರ ಮೇಲೆ ‘ಪೆಪ್ಪರ್ ವಾಟರ್’. ಎರಡು ಕುಲದ ತಾಯಂದಿರನ್ನೂ ಬಿಟ್ಟುಕೊಡದ ಅಡಿಗೆ ಅದು.

ಮುಂದಿನ ಬದಲಾವಣೆಯನ್ನು ನಾನೇ ಕಂಡೆ. 1994ರಲ್ಲಿ ಭಾರತ ಸಿಂಗಪುರಗಳ ಜಂಟಿ ಯೋಜನೆಯಾಗಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕಿನ ಕೆಲಸ ಹುಟ್ಟಿಕೊಂಡಾಗ ನನಗೆ ಹದಿಮೂರು. ರಾಗಿಯ ಹೊಲದ ನಡುವೆ ಏಳುತ್ತಿದ್ದ ಗಾಜಿನ ಗೋಡೆಗಳನ್ನು ನೋಡಲು ನಾವು ಹುಡುಗರು ಸೈಕಲ್ಲಿನಲ್ಲಿ ಹೋಗುತ್ತಿದ್ದೆವು. ಅದರ ಮೇಲೆ ಹಳಹಳಿಸಿ ಬರೆಯುವುದು ಸುಲಭ. ನನಗೆ ಆ ಮನಸ್ಸಿಲ್ಲ. ಆ ಕಟ್ಟಡಗಳಿಂದ ಊರಿನ ಅನೇಕ ಮನೆಗಳಿಗೆ ಅನ್ನ ಬಂದಿದೆ, ನನ್ನ ತಮ್ಮನಿಗೂ. ಮಳೆ ನೋಡಿಕೊಂಡು ಬದುಕಿದ ತಲೆಮಾರಿಗೆ ತಿಂಗಳ ಸಂಬಳದ ರುಚಿ ಅವರೆಸಾರಿಗಿಂತ ಕಡಮೆಯದಲ್ಲ. ಆದರೆ ಬೆದ್ದಲು ನಿವೇಶನವಾದಾಗ ಹೋದುದು ಬರಿಯ ನೆಲವಲ್ಲ, ಸಾಲುಗಳ ಆ ವ್ಯವಸ್ಥೆ. 2023ರ ಮಾರ್ಚಿನಲ್ಲಿ ಪಟ್ಟಂದೂರು ಅಗ್ರಹಾರಕ್ಕೆ ಮೆಟ್ರೋ ಬಂದಿತು. ಅದೇ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ನಿಲ್ದಾಣದ ಕೆಳಗೆ ಎಂದೋ ಬೆಳೆದಿದ್ದ ರಾಗಿಯನ್ನು ಈಗ ಅದರ ಮೆಟ್ಟಿಲಿಳಿದವರು ಬಣ್ಣದ ಪೊಟ್ಟಣದಲ್ಲಿ ಕೊಳ್ಳುತ್ತಾರೆ.

ಇನ್ನು ಒಲೆಯ ವಿಚಾರ. ಕಳೆದ ಡಿಸೆಂಬರಿನಲ್ಲಿ ಬೀದಿಯ ಗಾಡಿಯಿಂದ ಎರಡು ಕಿಲೋ ಕಾಯಿ ತಂದೆ. ಕಾಯಿ ದಪ್ಪ, ಕಾಳು ತುಂಬು, ಹುಳುವಿಲ್ಲ. ಹೆಬ್ಬಾಳದ ಕೃಷಿ ವಿಜ್ಞಾನಿಗಳು ಹಗಲಿನ ಉದ್ದವನ್ನು ಲಕ್ಷಿಸದೆ ಯಾವ ಋತುವಿನಲ್ಲಾದರೂ ಹೂ ಬಿಡುವ ಗಿಡ್ಡ ಅವರೆಯ ತಳಿಗಳನ್ನು ರೂಪಿಸಿದ್ದಾರೆ; ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಎಂದು ಅವುಗಳ ಹೆಸರು. ರೈತನಿಗೆ ಬೇಸಗೆಯಲ್ಲೂ ಕಾಸು ತರುವ ಬೆಳೆ ಅದು. ಅದರ ಉಪಕಾರ ಸಣ್ಣದಲ್ಲ. ಈಗ ಅವರೆಗೆ ಕಾಲವಿಲ್ಲ, ಜೂನಿನಲ್ಲೂ ಸಿಗುತ್ತದೆ. ಹಿತಕಿದ ಬೇಳೆಯನ್ನೇ ಪೊಟ್ಟಣ ಕಟ್ಟಿ ಮಾರುವರು. ಜನವರಿ ಬಂದರೆ ವಿಶ್ವೇಶ್ವರಪುರದ ಕಡೆಯ ಅವರೆಬೇಳೆ ಮೇಳದಲ್ಲಿ ಅವರೆಯ ದೋಸೆಯಿಂದ ಹಿಡಿದು ಅವರೆಯ ಜಿಲೇಬಿಯವರೆಗೆ ಕಾಣಬಹುದು. ಜಿಲೇಬಿಯ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಹೇಳುವುದಿಲ್ಲ.

ಎಲ್ಲವನ್ನೂ ಕ್ರಮವಾಗಿಯೇ ಮಾಡಿದೆವು. ಮಕ್ಕಳು ಕಾಳು ಹಿತಕಿದರು. ಅರ್ಧ ಪಾತ್ರೆಗೆ, ಅರ್ಧ ಒಬ್ಬರ ಮೇಲೊಬ್ಬರಿಗೆ. ಧನಿಯ, ಜೀರಿಗೆ, ಒಣಮೆಣಸಿನಕಾಯಿಗಳನ್ನು ಹದವಾಗಿ ಹುರಿದು, ಈರುಳ್ಳಿ ಬೆಳ್ಳುಳ್ಳಿಗಳನ್ನು ಎಣ್ಣೆಯಲ್ಲಿ ಬಾಡಿಸಿ, ತೆಂಗಿನತುರಿ, ಗಸಗಸೆ, ಒಂದು ಚೂರು ಚಕ್ಕೆ, ಎರಡು ಲವಂಗದೊಡನೆ ರುಬ್ಬಿದೆವು. ಒಳಕಲ್ಲಿಲ್ಲ, ಮಿಕ್ಸಿ. ಬೇಳೆ ಕರಗದಂತೆ ಕುಕ್ಕರನ್ನು ಬಿಟ್ಟು ಬಾಯಗಲದ ಪಾತ್ರೆಯಲ್ಲೇ ಬೇಯಿಸಿ, ಮಸಾಲೆ ಬಿಟ್ಟು, ಸಣ್ಣ ಉರಿಯಲ್ಲಿ ಕುದಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟುದಾಯಿತು. ಬಣ್ಣ ಅದೇ, ಹದವೂ ಅದೇ. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು. ಊಟಕ್ಕೆ ನಮ್ಮ ತಂದೆಯ ತಂಗಿ, ನನ್ನ ಸೋದರತ್ತೆ, ಬಂದಿದ್ದರು. ಅವರದು ಮಾಲೂರು ತಾಲೂಕಿನ ಒಂದು ಹಳ್ಳಿ, ವಯಸ್ಸು ಎಪ್ಪತ್ತೆಂಟು. ಒಂದು ತುತ್ತು ಉಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಹೆಂಗದೆ ಅತ್ತೆ?” ಎಂದೆ.

“ಚೆನ್ನಾಗದೆ ಕಣಪ್ಪ. ಕೈಯೇನೂ ಕೆಟ್ಟಿಲ್ಲ. ಕಾಳಿಗೆ ಇಬ್ನಿ ಬಿದ್ದಿಲ್ಲ, ಅಷ್ಟೆ. ಇಬ್ನಿ ಬೀಳ್ದಿರೋ ಅವರೆ ಬರೀ ಕಾಳು,” ಎಂದರು.

ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಅವರ ಹೊಲದ ಕಾಯಿಯ ಚೀಲವೊಂದು ಬಸ್ಸಿನಲ್ಲಿ ಬಂದಿತು. ಸಣ್ಣ ಕಾಯಿ, ಕೆಲವಕ್ಕೆ ಹುಳುವೂ ಹಿಡಿದಿತ್ತು. ಚೀಲ ಬಿಚ್ಚಿದಾಗ ಮಹಡಿಯ ಮೇಲಿನ ನಮ್ಮ ಮನೆಯಲ್ಲಿ ಎದ್ದ ವಾಸನೆಗೆ ಎದುರು ಬಾಗಿಲಿನವರು ಬಂದು ಏನೆಂದು ಕೇಳಿದರು. ಅವರು ಒಡಿಶಾದವರು. ಅದೇ ಮಸಾಲೆ, ಅದೇ ಮಿಕ್ಸಿ, ಅದೇ ಗ್ಯಾಸಿನ ಒಲೆ. ಸಾರು ಕುದಿಯುವಾಗ ನನ್ನ ತಮ್ಮ ಮೂಗರಳಿಸಿ ಒಳಗೆ ಬಂದು, ಅಜ್ಜಿಯ ಹೆಸರು ಹಿಡಿದು ಒಂದು ಮಾತಾಡಿದ. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಸೌದೆಯೊಲೆ ಬೇಕು, ಮಣ್ಣಿನ ಗಡಿಗೆ ಬೇಕು, ರುಬ್ಬುಗುಂಡು ಬೇಕು ಎಂದು ಹೇಳುವ ಸಂಪ್ರದಾಯಸ್ಥರಿಗೆ ನನ್ನ ವಿನಯಪೂರ್ವಕವಾದ ಭಿನ್ನಾಭಿಪ್ರಾಯವಿದೆ. ಅವೆಲ್ಲ ಇದ್ದರೆ ಒಳ್ಳೆಯದೇ, ಇಲ್ಲದಿದ್ದರೂ ನಡೆಯುತ್ತದೆ. ನಡೆಯದೆ ಇರುವುದು ಆ ರಾಗಿಯ ಹೊಲ ಒಂದು ಮಾತ್ರ.

ಎದುರು ಮನೆಗೂ ಒಂದು ಬಟ್ಟಲು ಹೋಯಿತು. ಅವರಲ್ಲಿ ಅವರೆಗೆ ‘ಶಿಂಬ’ ಎನ್ನುವರಂತೆ. ಕಾಯಿಯನ್ನೇ ಹೆಚ್ಚಿ ಪಲ್ಯ ಮಾಡುವರಂತೆ. ಕಾಳನ್ನು ಹೀಗೆ ಬತ್ತಲೆ ಮಾಡುವುದನ್ನು ಅವರು ಕಂಡಿರಲಿಲ್ಲ.

ಅತ್ತೆಗೆ ಫೋನು ಮಾಡಿ, ಬರುವ ವರ್ಷವೂ ಅಕ್ಕಡಿ ಇಡುವಿರೋ ಎಂದು ಕೇಳಿದೆ. ಅವರ ಮಗ ರಾಗಿಯನ್ನು ಈಗ ಯಂತ್ರದಲ್ಲಿ ಕೊಯ್ಯಿಸುತ್ತಾನೆ. ಯಂತ್ರಕ್ಕೆ ನಡುವೆ ಅವರೆಯ ಬಳ್ಳಿ ಸಿಕ್ಕಿಕೊಂಡರೆ ಆಗದು; ಕೂಲಿಯವರಿಂದ ಕೊಯ್ಯಿಸಿದರೆ ಲೆಕ್ಕ ಕೂಡದು. ಹೊಲವನ್ನು ಮಾರದೆ ಉಳಿಸಿಕೊಂಡವನೂ ಸಾಲುಗಳನ್ನು ಉಳಿಸಿಕೊಳ್ಳಲಾರ. “ಯಂತ್ರ ತಿರುಗಿಸ್ಕೊಳ್ಳೋ ಮೂಲೆಯಾಗೆ ನಾಕು ಸಾಲು ನನ್ಗೆ ಅಂತ ಬಿಟ್ಟವ್ನೆ,” ಎಂದರು ಅತ್ತೆ. ಬೂದಿಯಲ್ಲಿ ಹೊರಳಿಸಿ ಮಡಕೆಗೆ ಹಾಕಿಟ್ಟ ಬಿತ್ತನೆಯ ಕಾಳು ಎರಡು ಸೇರು ಇದೆಯಂತೆ. ನಾಲ್ಕು ಸಾಲಿಗೆ ಅಷ್ಟು ಬೇಡವಾದುದರಿಂದ, ಯಾರಿಗಾದರೂ ಬೇಕಿದ್ದರೆ ಕೇಳಿ ನೋಡು ಎಂದು ನನಗೆ ಹೇಳಿದ್ದಾರೆ.